ಮೂಸದೆ ಒಲೆಗಿಡದವರು

ನಮ್ಮ ಅತ್ತೆ ಸೌದೆಯನ್ನು ಒಲೆಗಿಡುವ ಮೊದಲು ಮೂಸಿ ನೋಡುತ್ತಾರೆ. ಒಂದು ತುಂಡನ್ನೂ ಬಿಡುವುದಿಲ್ಲ. ಸೀಳಿದ ಬದಿಯನ್ನು ಮೂಗಿನ ಹತ್ತಿರ ತಂದು, ಕಣ್ಣು ಅರೆಮುಚ್ಚಿ, ಉಸಿರೆಳೆದು, ಆಮೇಲೆ ಬಲಕ್ಕೋ ಎಡಕ್ಕೋ ಇಡುತ್ತಾರೆ. ಬಲಕ್ಕಿಟ್ಟದ್ದು ಈವತ್ತು ಉರಿಯಬಹುದು. ಎಡಕ್ಕಿಟ್ಟದ್ದು ಮತ್ತೆ ಹಿತ್ತಲಿನ ತಗಡಿನಡಿಗೆ ಹೋಗಿ ಒಣಗಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ನಗು ತಡೆಯಲಾರದೆ ಬಚ್ಚಲಿಗೆ ಹೋಗಿ ನಕ್ಕು ಬಂದಿದ್ದೆ. ಹಾಲು ಮೂಸುವವರನ್ನು ಕಂಡಿದ್ದೆ, ಹಣ್ಣು ಮೂಸುವವರನ್ನು ಕಂಡಿದ್ದೆ. ಮಗುವಿನ ನೆತ್ತಿ ಮೂಸುವುದನ್ನು ಆಮೇಲೆ ನಾನೇ ಕಲಿತೆ. ಸೌದೆ ಮೂಸುವವರನ್ನು ಕಂಡದ್ದು ಅದೇ ಮೊದಲು.

ನಾನು ಬೆಳೆದದ್ದು ಗುಂಡಿ ತಿರುಗಿಸಿದರೆ ನೀಲಿ ಉರಿ ಬರುವ ಮನೆಯಲ್ಲಿ. ಚಳಿ ಅಂದರೆ ಸ್ವೆಟರು ಹಾಕಿಕೊಂಡು ಶಾಲೆಗೆ ಹೋಗುವುದು ಅಂತಷ್ಟೇ ತಿಳಿದಿದ್ದವಳು. ಇಲ್ಲಿಯ ಚಳಿ ಬೇರೆ ಜಾತಿಯದು. ಕಿಟಕಿಯ ಗಾಜಿನ ಒಳಬದಿಗೂ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನ ನೀರಿಗೆ ಕೈ ಹಾಕಿದರೆ ಬೆರಳು ನನ್ನದೋ ಪಕ್ಕದವರದೋ ಗೊತ್ತಾಗುವುದಿಲ್ಲ. ಈ ಮನೆಯ ಜೀವ ಇರುವುದು ನಡುಮನೆಯ ಕಬ್ಬಿಣದ ಒಲೆಯಲ್ಲಿ. ಗೋಡೆಯಿಂದ ಮೊಳ ದೂರಕ್ಕೆ, ಮೋಟು ಕಾಲುಗಳ ಮೇಲೆ, ಕಲ್ಲುಚಪ್ಪಡಿಯ ಮೇಲೆ ನಿಂತಿದೆ. ಮುಂದೆ ಬಾಗಿಲು, ಅದರ ಕೆಳಗೆ ಗಾಳಿ ಕಿಂಡಿ, ಇನ್ನೂ ಕೆಳಗೆ ಬೂದಿ ಬೀಳುವ ತಟ್ಟೆ. ಹಿಂದಿನಿಂದ ಮಾಡಿಗೆ ಏರುವ ಹೊಗೆ ಕೊಳವೆ. ಕೊಳವೆಯ ಮಧ್ಯೆ ಒಂದು ಹಿಡಿ ಇದೆ. ಅದನ್ನು ತಿರುಗಿಸಿದರೆ ಒಳಗೆ ಬಿಲ್ಲೆಯೊಂದು ಅಡ್ಡವಾಗಿ ಹೊಗೆಯ ದಾರಿ ಕಿರಿದಾಗುತ್ತದೆ, ಬಿಸಿ ಒಳಗೇ ಉಳಿಯುತ್ತದೆ. ಅಡುಗೆ, ಸ್ನಾನದ ನೀರು, ಮಗುವಿನ ಬಟ್ಟೆ ಒಣಗುವುದು ಎಲ್ಲವೂ ಅದರಿಂದಲೇ. ಕರೆಂಟಿನ ಹೀಟರ್ ತಂದು ನೋಡಿದೆವು. ಹಾಕಿದ ಕೂಡಲೇ ನಮ್ಮ ಮನೆಯ ಕರೆಂಟಷ್ಟೇ ಅಲ್ಲ, ಎದುರುಮನೆ ದರ್ಜಿಯ ಹೊಲಿಗೆ ಯಂತ್ರವೂ ನಿಂತುಹೋಯಿತು. ಅವಳು ಕತ್ತರಿ ಹಿಡಿದೇ ಬಂದು ಬಾಗಿಲು ತಟ್ಟಿದಳು.

ಅತ್ತೆಗೆ ಬೀದಿಯಲ್ಲಿ ಒಲೆಯಮ್ಮ ಎಂದೇ ಹೆಸರು. ಆ ಹೆಸರು ಶಾಲೆಯಿಂದ ಬಂದದ್ದು. ಮಾವ ತೀರಿಕೊಂಡ ಮೇಲೆ, ಸೊಂಟಕ್ಕೆ ಮಗನನ್ನು ಕಟ್ಟಿಕೊಂಡು ಅವರು ಶಾಲೆಯಲ್ಲಿ ಒಲೆ ಹಚ್ಚುವ ಕೆಲಸಕ್ಕೆ ಸೇರಿದರು. ಆಗ ಪ್ರತಿ ತರಗತಿಗೂ ಒಂದೊಂದು ಒಲೆ. ಗೇಟು ತೆಗೆಯುವ ಮೊದಲೇ ಹೋಗಿ, ಮೊದಲ ಕೋಣೆಯ ಒಲೆ ಹಚ್ಚಿ, ಅದು ಕೆಂಡವಾದ ಮೇಲೆ ಮುಚ್ಚಳದ ಕಬ್ಬಿಣದ ಬಕೆಟ್ಟಿಗೆ ಒಂದಿಷ್ಟು ಕೆಂಡ ತುಂಬಿಕೊಂಡು ಮುಂದಿನ ಕೋಣೆಗೆ. ಅಲ್ಲಿಂದ ಅದರ ಮುಂದಿನದಕ್ಕೆ. ಮಕ್ಕಳು ಬಂದು ಕೂರುವ ಹೊತ್ತಿಗೆ ಬೆಂಚುಗಳು ಬೆಚ್ಚಗಿರಬೇಕು, ಕೋಣೆಯಲ್ಲಿ ಹೊಗೆಯ ಸುಳಿವೂ ಇರಬಾರದು. ಬಾಗಿಲಲ್ಲಿ ನಿಂತು ಒಂದು ಸಲ ಮೂಗೆಳೆದರೆ ಕೊಳವೆಯ ಯಾವ ಕೀಲು ಬಿರಿದಿದೆ, ಯಾವ ಮಗು ಬೆಂಚಿನಡಿ ಏನು ಬಚ್ಚಿಟ್ಟಿದೆ ಎಲ್ಲ ತಿಳಿಯುತ್ತಿತ್ತಂತೆ.

ನಮ್ಮ ಯಜಮಾನರು ಹೇಳುವ ಕಥೆಯೊಂದಿದೆ. ಒಂದು ಬೆಳಿಗ್ಗೆ ಅತ್ತೆ ಕೊನೆಯ ಕೋಣೆಯ ಒಲೆ ಹಚ್ಚುವುದಿಲ್ಲ ಎಂದು ಕೂತರಂತೆ. ಹೆಡ್‌ಮಾಸ್ತರು ಕೂಗಾಡಿದರು. "ಮಕ್ಕಳು ನಡುಗ್ತಾ ಇದ್ದಾರೆ, ನಿಂದೇನಮ್ಮ ಹಟ?" ಅತ್ತೆ, "ಕೊಳವೆಯಲ್ಲಿ ಏನೋ ಸತ್ತಿದೆ ಸ್ವಾಮಿ, ಹೊಗೆ ವಾಪಸ್ ಬರುತ್ತೆ," ಎಂದರು. ಬೇರೆ ಯಾರ ಮೂಗಿಗೂ ಏನೂ ಹತ್ತಲಿಲ್ಲ. ಕೊನೆಗೆ ಏಣಿ ಹಾಕಿ ನೋಡಿದರೆ ಹಕ್ಕಿಗೂಡು, ಅದರಲ್ಲೊಂದು ಸತ್ತ ಹಕ್ಕಿ. ಹೆಡ್‌ಮಾಸ್ತರು ಅಂದಿನಿಂದ ಅವರನ್ನು ಕಂಡಾಗಲೆಲ್ಲ, "ಒಲೆಯಮ್ಮ, ದೂರ ಇರಮ್ಮ, ನಿನ್ನೆ ರಾತ್ರಿ ನಾನೇನು ತಿಂದೆ ಅಂತ ಹೇಳಿಬಿಟ್ಟೀಯ," ಎನ್ನುತ್ತಿದ್ದರಂತೆ.

ಆಮೇಲೆ ಶಾಲೆಗೆ ಬಿಸಿನೀರಿನ ಕೊಳಾಯಿಗಳು ಬಂದವು. ಒಲೆಗಳನ್ನು ಕಿತ್ತು ಗುಜರಿಗೆ ಹಾಕಿದರು. ಅತ್ತೆಗೆ ಶಾಲು ಹೊದಿಸಿ ಮನೆಗೆ ಕಳಿಸಿದರು. ಅಷ್ಟೊಂದು ಒಲೆಗಳಲ್ಲಿ ಅವರಿಗೆ ಉಳಿದದ್ದು ನಮ್ಮ ಮನೆಯದೊಂದೇ.

ಈ ಒಲೆಯ ವಿಷಯದಲ್ಲಿ ಅವರ ಕಟ್ಟುಪಾಡುಗಳು ಬಹಳ. ಬೂದಿಯನ್ನು ತಣ್ಣಗಿದ್ದರೂ ಕಬ್ಬಿಣದ ಬಕೆಟ್ಟಿಗೇ ಹಾಕಬೇಕು, ಬಕೆಟ್ಟನ್ನು ಹೊರಗಿನ ಕಲ್ಲಿನ ಮೇಲೇ ಇಡಬೇಕು. ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಹಾಕಿದರೆ ತುದಿ ಕೈಗೆಟುಕುವಷ್ಟು ಕೆಳಗೆ ಬರಬಾರದು. ಹಚ್ಚುವಾಗ ದಪ್ಪ ತುಂಡು ಕೆಳಗೆ, ಪುಳ್ಳೆ ಮೇಲೆ, ಬೆಂಕಿ ತುದಿಯಿಂದ ಇಳಿಯಬೇಕು. "ಬೆಂಕಿ ಮೇಲಿಂದ ಕೆಳಗೆ ತಿನ್ನುತ್ತೆ ಕಣೇ, ಮಗು ಐಸ್‌ಕ್ಯಾಂಡಿ ತಿಂದ ಹಾಗೆ," ಎನ್ನುತ್ತಿದ್ದರು. ಆದರೆ ಒಂದು ವಿಷಯದಲ್ಲಿ ನಮಗಿಬ್ಬರಿಗೂ ಹೊಂದಿಕೆಯಾಗುತ್ತಿರಲಿಲ್ಲ. ಮಲಗುವ ಮುಂಚೆ ಅವರು ದೊಡ್ಡ ಕೊರಡೊಂದನ್ನು ಇಟ್ಟು, ಕಿಂಡಿ ಮುಚ್ಚಿ, ಕೊಳವೆಯ ಹಿಡಿಯನ್ನು ಅಡ್ಡ ತಿರುಗಿಸಿಬಿಡುತ್ತಿದ್ದರು. ಅದು ಬೆಳಗಿನವರೆಗೆ ಉರಿಯದೆ ಆರದೆ ಕನಲುತ್ತಾ ಇರುತ್ತಿತ್ತು. ಬೆಳಿಗ್ಗೆ ಬೆಂಕಿಕಡ್ಡಿ ಗೀರದೆ ಒಲೆ ಎಬ್ಬಿಸುವುದು ಅವರ ಹೆಮ್ಮೆ.

ನಾನು ಓದಿಕೊಂಡವಳು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯವಳು. ಕೆಲಸ ಮಾಡುವುದು ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ. ಚಳಿಗಾಲದಲ್ಲಿ ಅಲ್ಲಿಗೆ ಯಾರು ಯಾರು ಬರುತ್ತಾರೆ, ಹೇಗೆ ಬರುತ್ತಾರೆ ಎಂದು ಕಂಡವಳು. ಕನಲುವ ಬೆಂಕಿಯಿಂದ ಕೊಳವೆಯೊಳಗೆ ಟಾರಿನಂಥ ಮಸಿ ಕಟ್ಟುತ್ತದೆ, ಅದೇ ಒಂದು ದಿನ ಹೊತ್ತಿಕೊಳ್ಳುತ್ತದೆ ಎಂದೂ, ದಾರಿ ಕಟ್ಟಿದ ಒಲೆ ಬಣ್ಣವಿಲ್ಲದ, ವಾಸನೆಯಿಲ್ಲದ ಗಾಳಿಯನ್ನು ಕೋಣೆಗೆ ಬಿಡುತ್ತದೆ ಎಂದೂ ಫೋನಿನಲ್ಲಿ ಓದಿದ್ದೆ. ಹೇಳಿದರೆ ಅತ್ತೆ ಮೂಗನ್ನು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು. "ಇದು ಮಲಗೋದಿಲ್ಲ. ನೀನು ಮಲಕ್ಕೊ."

ಆ ಮೂಗಿನ ಧೈರ್ಯದ ಮೇಲೆ ನಾನು ನಿಜವಾಗಿಯೂ ಮಲಗುತ್ತಿದ್ದೆ.

ಮಗಳು ಹುಟ್ಟಿ, ಕವುಚಿಕೊಂಡು, ಅಂಬೆಗಾಲಿಡಲು ಕಲಿತಳು. ನನ್ನ ರಜೆ ಮುಗಿಯುತ್ತಾ ಬಂತು. ಯಜಮಾನರು ದೂರದ ಸೇತುವೆ ಕೆಲಸದಲ್ಲಿದ್ದಾರೆ, ಭಾನುವಾರವಷ್ಟೇ ಮನೆಗೆ ಬರುತ್ತಾರೆ. ಮಗುವನ್ನು ನೋಡಿಕೊಳ್ಳುವ ಕೇಂದ್ರ ಎಂದು ಬೋರ್ಡು ಹಾಕಿದ್ದ ಒಂದೇ ಜಾಗಕ್ಕೆ ಹೋಗಿ ನೋಡಿದರೆ, ಅಲ್ಲಿಯೂ ಒಂದು ಸೌದೆ ಒಲೆ, ಸುತ್ತ ಅಡ್ಡಗಟ್ಟು ಕೂಡ ಇಲ್ಲ. ತವರಿನಿಂದ ಅಮ್ಮ, ಕಾಯಿಲೆಯ ಅಪ್ಪನನ್ನು ಬಿಟ್ಟು ಬರುವಂತಿಲ್ಲ. ಹಾಗಾಗಿ ನಾನು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಮಗು, ಒಲೆ, ಅತ್ತೆ ಮೂವರೇ ಮನೆಯಲ್ಲಿ ಎಂದು ತೀರ್ಮಾನವಾಯಿತು. ಒಲೆಯ ಸುತ್ತ ಕಬ್ಬಿಣದ ಜಾಲರಿ ಹಾಕಿಸಿದೆ. ಮಗು ಜಾಲರಿ ಹಿಡಿದು ನಿಂತು, ಜೈಲಿನೊಳಗಿರುವ ಒಲೆಯ ಜೊತೆ ಮಾತಾಡತೊಡಗಿತು.

ಆ ವಾರವೇ ಬೀದಿಯ ತುದಿಯ ಬಡಗಿ ಒಂದು ಗಾಡಿ ಚೂರುಸೌದೆ ತಂದುಹಾಕಿದ. ಹಳೆಯ ಗೋದಾಮೊಂದನ್ನು ಕೆಡವಿದ ಮರ. ಪ್ರತಿ ವರ್ಷ ಅವನು ಹೀಗೆ ತರುವುದು, ಅತ್ತೆ ಒಂದೊಂದನ್ನೇ ಮೂಸಿ ಅರ್ಧವನ್ನು ವಾಪಸ್ ಕಳಿಸುವುದು ನಡೆದುಬಂದ ಆಟ.

"ಈ ಸಲ ನೋಡಿ ಒಲೆಯಮ್ಮ, ಒಂದೂ ವಾಪಸ್ ಕೊಡೋ ಹಾಗಿಲ್ಲ. ಗರಿಗರಿ ಒಣಗಿದೆ," ಎಂದ ಬಡಗಿ.

"ನಿನ್ನ ಬಾಯಿ ನಂಬಿದ್ರೆ ನಾನು ಹೊಗೇಲಿ ಕೂರಬೇಕು. ತಾ ಇಲ್ಲಿ," ಎಂದು ಅತ್ತೆ ಮೊದಲನೆಯದನ್ನು ಎತ್ತಿಕೊಂಡರು.

ಮೂಸಿದರು. ಬಲಕ್ಕಿಟ್ಟರು. ಇನ್ನೊಂದು. ಬಲಕ್ಕೆ. ಎಲ್ಲವೂ ಬಲಕ್ಕೇ ಹೋದವು. ಬಡಗಿ ಮೂಗಿನ ಮೇಲೆ ಬೆರಳಿಟ್ಟುಕೊಂಡ. "ಏನಮ್ಮ, ವಯಸ್ಸಾದ ಮೇಲೆ ಕರುಣೆ ಬಂತಾ ನನ್ನ ಮೇಲೆ?"

"ಒಳ್ಳೇದು ತಂದಾಗ ಒಳ್ಳೇದು ಅಂತೀನಿ. ನಡಿ," ಎಂದರು ಅತ್ತೆ.

ಮಗುವನ್ನು ಎತ್ತಿಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಕೊನೆಯಲ್ಲಿ ಎತ್ತಿದ ಹಲಗೆ ತುಂಡು ಮೇಲೆ ನುಣ್ಣಗೆ ಹೊಸದರಂತೆ ಕಾಣುತ್ತಿತ್ತು. ಆದರೆ ನಾನಿದ್ದಲ್ಲಿಗೇ ಅದರ ವಾಸನೆ ಬಂತು. ರಸ್ತೆಗೆ ಟಾರು ಹಾಕುವಾಗ ಬರುತ್ತದಲ್ಲ, ಅಂಥದ್ದು. ಹುಳು ಹಿಡಿಯದಿರಲಿ ಎಂದು ಎಣ್ಣೆ ಕುಡಿಸಿದ ಹಲಗೆ. ಅತ್ತೆ ಅದನ್ನೂ ಮೂಗಿಗೆ ಹಿಡಿದು, ಕಣ್ಣು ಅರೆಮುಚ್ಚಿ, ಉಸಿರೆಳೆದು, "ಹೂಂ," ಎಂದು ಒಳಗೆ ತಂದು ಒಲೆಗಿಟ್ಟರು.

ನಾನು ಬಾಯಿ ತೆರೆಯುವಷ್ಟರಲ್ಲಿ ಒಲೆಯ ಬಾಗಿಲು ಮುಚ್ಚಿಯಾಗಿತ್ತು. ಸ್ವಲ್ಪ ಹೊತ್ತಿಗೆ ಕೀಲುಗಳ ಸಂದಿಯಿಂದ ಗಂಟಲು ಸುಡುವ ಘಾಟು ಬಂತು. ಹೊಗೆ ಕಣ್ಣಿಗೆ ಕಾಣುವಷ್ಟೇನೂ ಇರಲಿಲ್ಲ. ಮಗು ಕೆಮ್ಮಿತು. ನಾನು ಓಡಿಹೋಗಿ ಕಿಟಕಿ ತೆಗೆದೆ. ಜಾಲರಿಯ ಬಳಿ ಕೂತು ಕೆಂಡ ಕೆದಕುತ್ತಿದ್ದ ಅತ್ತೆ ತಿರುಗಿ ನೋಡಿದರು.

"ಯಾಕೆ ಕಿಟಕಿ ತೆಗೆದೆ? ಮಗುಗೆ ಶೀತ ಆಗಲ್ವಾ?"

ಅವರು ಆ ಘಾಟಿನ ಮಧ್ಯದಲ್ಲೇ ಕೂತಿದ್ದರು. ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಅದನ್ನು ಸೆರಗಿನಿಂದ ಒರೆಸಿಕೊಂಡು, "ವಯಸ್ಸು," ಎಂದರು.

ಇಕ್ಕಳದಿಂದ ಆ ತುಂಡನ್ನು ಹೊರಗೆಳೆದು ಬೂದಿ ಬಕೆಟ್ಟಿಗೆ ಹಾಕಿ ಹೊರಗಿಟ್ಟೆ. ಅತ್ತೆ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಉತ್ತರವಾಯಿತು.

ಆಮೇಲೆ ಒಂದೊಂದಾಗಿ ಹೊಳೆಯತೊಡಗಿತು. ಹಾಲು ಉಕ್ಕಿ ಸೀದು ಕರಕಾದದ್ದು, ಅವರು ಪಕ್ಕದಲ್ಲೇ ಕೂತು ಮಗುವಿನ ಟೋಪಿ ಹೆಣೆಯುತ್ತಿದ್ದದ್ದು. ಮಗು ಒದ್ದೆ ಮಾತ್ರವಲ್ಲದೆ ಇನ್ನೂ ಹೆಚ್ಚಿನದನ್ನು ಮಾಡಿಕೊಂಡು ಅವರ ತೊಡೆಯ ಮೇಲೆ ಆರಾಮಾಗಿ ಆಡುತ್ತಿದ್ದದ್ದು. ಈಚೆಗೆ ಅಡುಗೆ ಆದಾಗಲೆಲ್ಲ ಚಮಚ ನನ್ನ ಮುಂದೆ ಹಿಡಿದು, "ನೀನೇ ನೋಡು, ಸರಿ ಇದೆಯಾ," ಎನ್ನುತ್ತಿದ್ದದ್ದು. ಅಂತೂ ಈ ಮನೆಯಲ್ಲಿ ಸೊಸೆಗೊಂದು ಮರ್ಯಾದೆ ಬಂತು ಎಂದು ಉಬ್ಬಿಹೋಗಿದ್ದೆ ನಾನು.

ಮರುದಿನ ಹಿತ್ತಲಿನಲ್ಲಿ ಅತ್ತೆ ಸೌದೆ ಒಟ್ಟಿಲಿನ ಮೇಲಿನ ತಗಡು ಸರಿಮಾಡುತ್ತಿದ್ದರು. ಮಗು ನನ್ನ ಬೆನ್ನ ಮೇಲಿತ್ತು.

"ಅತ್ತೆ, ನಿಮಗೆ ವಾಸನೆ ಗೊತ್ತಾಗ್ತಾ ಇಲ್ಲ, ಅಲ್ವಾ?"

ಅವರು ತಗಡಿನ ಮೇಲೊಂದು ಕಲ್ಲಿಟ್ಟರು. ಇನ್ನೊಂದು ಕಲ್ಲಿಗಾಗಿ ಸುತ್ತ ನೋಡಿದರು. ಸಿಗಲಿಲ್ಲ.

"ಹೋದ ಚಳಿಗಾಲದಲ್ಲಿ ಜ್ವರ ಬಂತಲ್ಲ, ಆವಾಗಿಂದ. ನೀನು ಬಸುರಿ. ನಿನಗೆಲ್ಲಿ ಹೇಳೋದು ಅಂತ ಸುಮ್ನಾದೆ. ಬರುತ್ತೆ ಬರುತ್ತೆ ಅಂತ ಕಾದೆ."

"ಡಾಕ್ಟರಿಗೆ ತೋರಿಸೋಣ."

"ತೋರಿಸಿದೀನಿ. ನಿಮ್ಮ ಆಸ್ಪತ್ರೇಲಲ್ಲ, ಅಲ್ಲಿ ಕೌಂಟರಲ್ಲೇ ನೀನು ಕೂತಿರ್ತೀಯ. ಮಾರ್ಕೆಟ್ ಹತ್ರದ ಡಾಕ್ಟರಿಗೆ. ಬಂದ್ರೆ ಬಂತು, ಇಲ್ದಿದ್ರೆ ಇಲ್ಲ ಅಂದ. ಅಷ್ಟು ಹೇಳೋಕೆ ಅವನೇ ಬೇಕಿತ್ತಾ."

ನಾನು ಏನೋ ಹೇಳಲು ಹೋದೆ. ಅವರು ಮಗುವಿನ ಕಡೆ ನೋಡುತ್ತಾ, "ಇವಳ ನೆತ್ತಿ ವಾಸನೆ ಹೇಗಿದೆ ಅಂತ ನಂಗೆ ಗೊತ್ತೇ ಇಲ್ಲ ಕಣೇ," ಎಂದರು. "ನೀನು ಯಾವಾಗ್ಲೂ ಮೂಸ್ತಾ ಇರ್ತೀಯ. ನಾನೂ ಮೂಸ್ತೀನಿ. ಸುಮ್ನೆ."

ಆದರೂ ಬಿಡಲಾಗಲಿಲ್ಲ. ಇನ್ನು ಕೆಲವೇ ದಿನಗಳಲ್ಲಿ ಮಗುವನ್ನು ಬಿಟ್ಟು ಹೋಗಬೇಕಾದವಳು ನಾನು. ಸೌದೆ ಒಣಗಿದೆಯೋ ಇಲ್ಲವೋ ಎಂದು ಮೂಗಿಲ್ಲದೆಯೂ ತಿಳಿಯಬಹುದಲ್ಲ, ತುದಿಯಲ್ಲಿ ಬಿರುಕು ನೋಡಿ, ಎರಡು ತುಂಡು ಬಡಿದು ಸದ್ದು ಕೇಳಿ ಎಂದೆ.

"ನನಗೆ ಹೇಳಿಕೊಡ್ತೀಯಾ?" ಎಂದರು. ಕೋಪವಿರಲಿಲ್ಲ, ದಣಿವಿತ್ತು. "ಒಣಗಿದ್ದು ಗೊತ್ತಾಗುತ್ತೆ. ಎಣ್ಣೆ ಕುಡಿದದ್ದು, ಬಣ್ಣ ಕುಡಿದದ್ದು ಬಡಿದ್ರೆ ಹೇಳುತ್ತಾ? ಹೊಗೆ ಒಳಗೆ ಬಂದ್ರೆ ಸದ್ದು ಮಾಡ್ಕೊಂಡು ಬರುತ್ತಾ?"

"ಅದಕ್ಕೇ ನಂಗೆ ಭಯ. ಅದರಲ್ಲೂ ಆ ಗಾಳಿ, ವಾಸನೆ ಇಲ್ಲದ್ದು."

"ವಾಸನೆ ಇಲ್ಲದ್ದಕ್ಕೆ ನಿನ್ನ ಮೂಗು ಇದ್ದೇನು, ನನ್ನ ಮೂಗು ಹೋಗಿದ್ದೇನು? ಇಬ್ಬರದೂ ಒಂದೇ," ಎಂದರು. ಆ ಮಾತಿಗೆ ಇಬ್ಬರಿಗೂ ನಗು ಬಂದುಬಿಟ್ಟಿತು, ನಗಬಾರದಿತ್ತು. ನಗು ನಿಂತ ಮೇಲೆ ಅವರು ನನ್ನ ತೋಳು ಹಿಡಿದುಕೊಂಡರು. "ಅವನಿಗೆ ಹೇಳಬೇಡ. ಹೇಳಿದ್ರೆ ನನ್ನ ಒಂದು ಕಡೆ ಕೂರಿಸಿಬಿಡ್ತಾನೆ. ಕೂತವಳು ಏಳೋದಿಲ್ಲ ನಾನು."

ಅವರ ಮಗನಿಗೆ ಹೇಳುವುದಿಲ್ಲ ಎಂದು ನಾನು ಮಾತು ಕೊಡಲಿಲ್ಲ. ಹೇಳಿಯೇ ಹೇಳುತ್ತೇನೆ ಎನ್ನಲೂ ಆಗಲಿಲ್ಲ. ಮಗುವನ್ನು ಎದೆಗೆ ಸರಿಸಿಕೊಂಡು ಒಳಗೆ ಹೋದೆ.

ಭಾನುವಾರ ಯಜಮಾನರು ಬಂದರು. ಮಧ್ಯಾಹ್ನ ಅತ್ತೆ ದರ್ಜಿಯ ಮನೆಗೆ ಹೋದ ಸಮಯ ನೋಡಿ, ಸುತ್ತುಬಳಸಿ ಶುರುಮಾಡಿದೆ.

"ರೀ, ನಾನು ಕೆಲಸಕ್ಕೆ ಹೋದ ಮೇಲೆ ಒಲೆ ಕಥೆ ಏನು ಅಂತ. ಅತ್ತೆಗೆ ವಯಸ್ಸಾಯ್ತು. ವಾಸನೆ ಗೀಸನೆ ಮೊದಲಿನ ಹಾಗೆ..."

ಅವರು ಮಗುವನ್ನು ಮೇಲಕ್ಕೆ ಹಾರಿಸಿ ಹಿಡಿಯುತ್ತಾ ನಕ್ಕರು. "ಅಮ್ಮನ ಮೂಗು? ಆ ಹಕ್ಕಿ ಕಥೆ ಹೇಳಿದ್ನಾ ನಿಂಗೆ?"

"ಹೇಳಿದ್ರಿ. ಬೇಕಾದಷ್ಟು ಸಲ."

"ನಿನ್ನ ಭಯಕ್ಕೆ ಒಂದು ಕೊನೆ ಇಲ್ಲ ಕಣೆ. ಮೊನ್ನೆ ತೊಟ್ಟಿಲು, ನಿನ್ನೆ ಬಾಚಣಿಗೆ ಹಲ್ಲು, ಇವತ್ತು ಒಲೆ."

ಅಷ್ಟರಲ್ಲಿ ಅತ್ತೆ ಬಂದರು. ಯಜಮಾನರು ತಮಾಷೆಗೆ ಒಂದು ಸೌದೆಯನ್ನು ಅವರ ಮೂಗಿಗೆ ಹಿಡಿದು, "ಅಮ್ಮ, ಹೇಳು ನೋಡೋಣ, ನಿನ್ನ ಸೊಸೆಗೆ ಅನುಮಾನವಂತೆ," ಎಂದರು.

ಅತ್ತೆ ನನ್ನನ್ನು ನೋಡಿದರು. ಆ ನೋಟವನ್ನು ನಾನು ಹೇಗೆ ಬರೆಯಲಿ. ಬೈಯುವುದಕ್ಕೂ ಬೇಡುವುದಕ್ಕೂ ನಡುವೆ ಎಲ್ಲೋ ಇತ್ತು ಅದು. ಆಮೇಲೆ ಕಣ್ಣು ಅರೆಮುಚ್ಚಿ, ಉಸಿರೆಳೆದರು. ತೊಗಟೆಯನ್ನು ಬೆರಳಲ್ಲಿ ಸವರಿದರು, ತುದಿಯ ಬಿರುಕನ್ನು ಉಗುರಿನಿಂದ ಮೀಟಿದರು, ಕೈಯಲ್ಲಿ ತೂಗಿದರು. "ಹೋದ ವರ್ಷ ಸೀಳಿದ್ದು. ಇನ್ನೂ ಒಂಚೂರು ಹಸಿ ಇದೆ, ಎಡಕ್ಕಿಡು." ಸರಿಯಾಗಿಯೇ ಇತ್ತು. ಯಜಮಾನರು ಗೆದ್ದವರಂತೆ ನನ್ನ ಕಡೆ ಹುಬ್ಬು ಹಾರಿಸಿದರು. ಆಗ ನಾನು ಸತ್ಯ ಹೇಳಿಬಿಡಬಹುದಿತ್ತು. ಒಲೆಯ ಮುಂದೆ, ಮಗನ ಮುಂದೆ, ಆ ಹೆಂಗಸನ್ನು ಬಯಲಿಗೆಳೆಯಲು ನನ್ನ ನಾಲಿಗೆ ಏಳಲಿಲ್ಲ. ನನ್ನ ಮಗುವಿಗಾಗಿಯಾದರೂ ಏಳಬೇಕಿತ್ತೋ ಏನೋ. ಸಂಜೆ ಬಸ್ಸಿಗೆ ಅವರು ಹೊರಟುಹೋದರು.

ಸೋಮವಾರ ನಾನು ಊರಿನ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. ಆ ವಾಸನೆಯಿಲ್ಲದ ಗಾಳಿಯನ್ನು ಹಿಡಿಯುವ ಯಂತ್ರ ಬೇಕು ಎಂದೆ. ಅಂಗಡಿಯವನು ಧೂಳು ಕೂತ ಡಬ್ಬಿಯೊಂದನ್ನು ತೆಗೆದು, "ಇದು ಹೊಗೆಗೆ ಮೇಡಂ. ನೀವು ಹೇಳೋದು ತರಿಸಬೇಕು. ಯಾವಾಗ ಬರುತ್ತೋ ಹೇಳೋಕಾಗಲ್ಲ," ಎಂದ. ಅದನ್ನು ತರಿಸಲು ಹೇಳಿ, ಇದನ್ನು ತಂದು ಮಾಡಿಗೆ ಅಂಟಿಸಿದೆ. ಅತ್ತೆ ಕತ್ತೆತ್ತಿ ನೋಡಿ ಅದಕ್ಕೆ ಬಾಡಿಗೆ ಮೂಗು ಎಂದು ಹೆಸರಿಟ್ಟರು.

ಬಾಡಿಗೆ ಮೂಗಿಗೆ ವಿವೇಚನೆ ಇರಲಿಲ್ಲ. ಬಾಣಲೆಯಲ್ಲಿ ಎಣ್ಣೆ ಕಾದರೆ ಅರಚಿತು. ಸ್ನಾನದ ನೀರಿನ ಹಬೆಗೆ ಅರಚಿತು. ಒಲೆಯ ಬಾಗಿಲು ತೆಗೆದು ಸೌದೆ ಇಡುವಾಗ ಬರುವ ಒಂದೆಳೆ ಹೊಗೆಗೂ ಅರಚಿತು. ಪ್ರತಿ ಸಲವೂ ಮಗು ಬೆಚ್ಚಿಬಿದ್ದು, ಮುಖ ನೀಲಿಯಾಗುವವರೆಗೆ ಅಳುತ್ತಿತ್ತು. ಒಂದು ಸಂಜೆ ನಾನು ಬಟ್ಟೆ ಒಗೆದು ಒಳಗೆ ಬಂದರೆ ಅದು ಮಾಡಿನಲ್ಲಿ ಇರಲಿಲ್ಲ. ಕಂಬಳಿಯಲ್ಲಿ ಸುತ್ತಿ, ಸೆಲ್ಲು ಬಿಚ್ಚಿ, ಪೆಟ್ಟಿಗೆಯಲ್ಲಿ ಇಟ್ಟಿದ್ದರು.

"ಅದು ಕೂಗಿದಾಗೆಲ್ಲ ಮಗು ಉಸಿರು ಹಿಡೀತಿದೆ. ನೀನೇ ನೋಡಿದೀಯಲ್ಲ. ಹೊಗೆಯಿಂದ ಉಳಿಸೋಕೆ ಹೋಗಿ ಹೀಗೆ ಸಾಯಿಸೋದಾ?" ಎಂದರು. ಅದೂ ನಿಜವೇ. ಕೆಲಸಕ್ಕೆ ಹೋಗುವ ಹಿಂದಿನ ದಿನ ಅದನ್ನು ಮತ್ತೆ ಅಂಟಿಸಿದೆ, ಒಲೆಯಿಂದ ಆದಷ್ಟು ದೂರಕ್ಕೆ, ಬಾಗಿಲ ಬಳಿ. ಅಲ್ಲಿ ಅದು ಕೂಗುತ್ತಿರಲಿಲ್ಲ. ಕೂಗಬೇಕಾದಾಗ ಕೂಗುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಅತ್ತೆಯೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಕೊಳವೆಯ ಹಿಡಿಯನ್ನು ಮುಟ್ಟುವಂತಿಲ್ಲ, ಅದು ಪೂರ್ತಿ ತೆರೆದೇ ಇರಬೇಕು. ಕನಲುವ ಬೆಂಕಿ ಇನ್ನು ಈ ಮನೆಯಲ್ಲಿ ಬೇಡ. ಚಿಕ್ಕ ಉರಿ, ಚುರುಕು ಉರಿ. ಕಿಟಕಿ ಬೆರಳಗಲ ತೆರೆದಿರಬೇಕು. ದಿನಕ್ಕೆ ಬೇಕಾದ ಸೌದೆಯನ್ನು ನಾನೇ ಆರಿಸಿ, ನಾನೇ ಮೂಸಿ, ಬುಟ್ಟಿಗೆ ತುಂಬಿಟ್ಟು ಹೋಗಬೇಕು. ಅವರು ಅದರಿಂದಷ್ಟೇ ತೆಗೆದಿಡಬೇಕು. ಎಲ್ಲಕ್ಕೂ "ಹೂಂ" ಎಂದರು. ಅಷ್ಟು ಸುಲಭವಾಗಿ ಅವರು ಒಪ್ಪಿದ್ದು ನನಗೆ ಸಮಾಧಾನ ತರಬೇಕಿತ್ತು. ತರಲಿಲ್ಲ.

ಬೆಳಿಗ್ಗೆ ಒಲೆ ಹಚ್ಚಿ, ಬುಟ್ಟಿ ತುಂಬಿಸಿ, ಮಗುವಿಗೆ ಹಾಲು ಕುಡಿಸಿ ಹೊರಟೆ. ಮಗು ಅಳಲಿಲ್ಲ. ಜಾಲರಿ ಹಿಡಿದು ನಿಂತು ಒಲೆಗೆ ಏನೋ ಹೇಳುತ್ತಿತ್ತು.

ಕೌಂಟರಿನಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ, ಕಪಾಟಿನಲ್ಲಿಡಬೇಕು. ಬಂದವರ ಹೆಸರು, ವಯಸ್ಸು, ಏನಾಗಿದೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಪ್ರತಿ ಸಲ ಬಾಗಿಲು ತೆರೆದಾಗಲೂ ಕಂಬಳಿಯಲ್ಲಿ ಸುತ್ತಿದ ಮಗುವನ್ನೆತ್ತಿಕೊಂಡು ದರ್ಜಿ ಓಡಿಬರುತ್ತಾಳೆ ಎಂದು ಕತ್ತೆತ್ತುತ್ತಿದ್ದೆ. ಊಟದ ಬಿಡುವಿನಲ್ಲಿ ಅತ್ತೆಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ದರ್ಜಿಯ ನಂಬರು ನನ್ನ ಬಳಿ ಇರಲಿಲ್ಲ. ಇಷ್ಟೆಲ್ಲ ಯೋಚಿಸಿದವಳು ಅದೊಂದನ್ನು ಯೋಚಿಸಿರಲಿಲ್ಲ. ಪಕ್ಕದ ಕೌಂಟರಿನವಳು, "ಮಗು ಮಲಗಿರುತ್ತೆ, ಅಜ್ಜಿನೂ ಮಲಗಿರ್ತಾರೆ," ಎಂದಳು. ಮಲಗಿರುತ್ತಾರೆ ಎಂಬ ಮಾತು ಕೇಳಿಯೇ ನಾನು ಎದ್ದುನಿಂತೆ. ಬೇಗ ಮನೆಗೆ ಹೋಗಲು ಅನುಮತಿ ಕೇಳಿದೆ. ಬದಲಿ ಜನ ಬರುವವರೆಗೆ ಆಗುವುದಿಲ್ಲ ಎಂದರು. ಬದಲಿ ಜನ ಬರಲಿಲ್ಲ.

ಬಸ್ಸಿಳಿದು ಓಡಿದೆ. ಬೀದಿಯ ತಿರುವಿನಿಂದಲೇ ನಮ್ಮ ಮಾಡು ಕಾಣುತ್ತದೆ. ಎಲ್ಲ ಮನೆಗಳ ಕೊಳವೆಯಿಂದಲೂ ಹೊಗೆ ಏರುತ್ತಿತ್ತು. ನಮ್ಮ ಮನೆಯ ಕೊಳವೆ ಬರಿದಾಗಿತ್ತು.

ಬಾಗಿಲು ತಳ್ಳಿದೆ. ಒಳಗೆ ಹೊರಗಿನಷ್ಟೇ ಚಳಿ. ಅತ್ತೆ ಒಲೆಯ ಮುಂದೆ ಗೋಡೆಗೊರಗಿ ಕೂತಿದ್ದರು. ಮನೆಯಲ್ಲಿದ್ದ ಕಂಬಳಿಗಳೆಲ್ಲ ಅವರ ಮೇಲಿದ್ದವು. ಮಾವನ ಹಳೆಯ ಕೋಟಿನ ಗುಂಡಿಗಳ ನಡುವಿನಿಂದ ಮಗುವಿನ ತಲೆ ಕಾಣುತ್ತಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಮಗು ಕಣ್ಣು ಬಿಟ್ಟು ನನ್ನನ್ನು ನೋಡಿ ನಕ್ಕಿತು. ಮೂಗು ಸೋರುತ್ತಿತ್ತು. ತುಟಿ ಒಂದಿಷ್ಟು ಬೆಳ್ಳಗಾಗಿತ್ತು. ಅದರ ಕೈ ಮುಟ್ಟಿದೆ, ತಣ್ಣಗಿತ್ತು. ಅತ್ತೆಯ ಕೈ ಮುಟ್ಟಿದೆ. ಅದು ಕಬ್ಬಿಣದ ಹಾಗಿತ್ತು.

ಬುಟ್ಟಿ ನಾನು ತುಂಬಿಟ್ಟ ಹಾಗೇ ಇತ್ತು.

"ಬೆಳಿಗ್ಗೆ ನೀನು ಹಚ್ಚಿದ್ದು ಆರೋವರೆಗೆ ಚೆನ್ನಾಗೇ ಇತ್ತು," ಎಂದರು ಅತ್ತೆ. ದವಡೆ ನಡುಗುತ್ತಿದ್ದರಿಂದ ಮಾತು ತುಂಡುತುಂಡಾಗಿ ಬರುತ್ತಿತ್ತು. "ಆಮೇಲೆ ಬುಟ್ಟಿಯಿಂದ ಒಂದು ತಗೊಂಡೆ. ಮೂಸಿದೆ. ಏನೂ ಇಲ್ಲ. ನೀನು ಮೂಸಿ ಇಟ್ಟಿದ್ದೇ ಅಂತ ಗೊತ್ತು. ಆದ್ರೂ ಇಡೋಕೆ ಕೈ ಬರಲಿಲ್ಲ. ಇನ್ನೊಂದು ತಗೊಂಡೆ. ಅದೂ ಅಷ್ಟೇ."

"ಇಷ್ಟು ದಿನ ಇಡ್ತಿದ್ರಲ್ಲ ಅತ್ತೆ."

"ಇಷ್ಟು ದಿನ ನೀನು ಮನೇಲಿದ್ದೆ. ಏನಾದ್ರೂ ಆದ್ರೆ ಇವಳಿದಾಳೆ ಅಂತ ಇಡ್ತಿದ್ದೆ. ಇವತ್ತು ನಾನೊಬ್ಬಳೇ."

"ಫೋನು?"

"ಕೈ ಬಿಟ್ರೆ ಕೋಟು ತೆರ್ಕೊಳ್ಳುತ್ತೆ. ಗಾಳಿ ಹೋಗುತ್ತೆ ಅಂತ ಎತ್ತಲಿಲ್ಲ."

"ದರ್ಜಿ ಮನೆಗಾದ್ರೂ ಹೋಗಬಾರದಿತ್ತಾ?"

ಒಲೆಯಮ್ಮ ಮಗುವನ್ನೆತ್ತಿಕೊಂಡು ಬೇರೆಯವರ ಮನೆಗೆ ಬೆಂಕಿ ಕಾಯಿಸಿಕೊಳ್ಳಲು ಹೋಗುವುದನ್ನು ನಾನೇ ನನ್ನ ಕಣ್ಣ ಮುಂದೆ ತಂದುಕೊಂಡು ನೋಡಿದೆ. ಹೋಗಲಾರರು.

ಒಲೆ ಹಚ್ಚಲು ಕೂತೆ. ದಪ್ಪ ತುಂಡು ಕೆಳಗೆ, ಪುಳ್ಳೆ ಮೇಲೆ. ಬೆರಳು ಮರಗಟ್ಟಿ ಕಡ್ಡಿಗಳು ಮುರಿದವು. ಹೊತ್ತಿಕೊಂಡದ್ದು ಆರಿತು. ತಣ್ಣಗಿದ್ದ ಕೊಳವೆ ಹೊಗೆಯನ್ನು ಎಳೆಯಲಿಲ್ಲ, ಎಲ್ಲ ಹೊರಗೆ ಬಂದು ಮಗು ಕೆಮ್ಮತೊಡಗಿತು. ಬಾಗಿಲ ಬಳಿಯ ಬಾಡಿಗೆ ಮೂಗು ತುಟಿ ಬಿಚ್ಚಲಿಲ್ಲ. "ಕಾಗದ ಉರಿಸಿ ಮೊದ್ಲು ಕೊಳವೆ ಬಾಯಿಗೆ ಹಿಡಿ, ಬಿಸಿ ಆಗ್ಲಿ," ಎಂದರು ಅತ್ತೆ ಕೂತಲ್ಲಿಂದಲೇ. ಹಾಗೆ ಮಾಡಿದೆ. ಕೊನೆಗೆ ಉರಿ ಹಿಡಿಯಿತು. ಕಿಂಡಿ, ಕೊಳವೆ ಎರಡನ್ನೂ ಪೂರ್ತಿ ತೆರೆದಿಟ್ಟೆ. ಬೆಂಕಿ ಭೋರೆಂದು ಸೌದೆ ತಿನ್ನತೊಡಗಿತು. ಕಿಂಡಿ ಅರ್ಧ ಮುಚ್ಚಿದರೆ ಇದೇ ಸೌದೆ ಎರಡರಷ್ಟು ಹೊತ್ತು ಬರುತ್ತದೆ ಎಂದು ಅತ್ತೆಗೆ ಗೊತ್ತು. ಅವರು ಕಿಂಡಿಯನ್ನು ನೋಡಿದರು, ನನ್ನನ್ನು ನೋಡಿದರು, ಕೈ ಹಾಕಲಿಲ್ಲ. ಎಷ್ಟು ಮುಚ್ಚಿದರೆ ಅಪಾಯವಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನಾನೂ ಕೈ ಹಾಕಲಿಲ್ಲ.

ಕೋಣೆ ಬೆಚ್ಚಗಾದ ಮೇಲೆ ಮಗು ಕೋಟಿನಿಂದ ಹೊರಬಂದು ಹಾಲು ಕುಡಿದು ಮಲಗಿತು. ಯಜಮಾನರಿಗೆ ಎಲ್ಲವನ್ನೂ ಹೇಳಿಬಿಡಲೆಂದು ಫೋನು ಕೈಗೆತ್ತಿಕೊಂಡೆ. ಅತ್ತೆ ನೋಡಿದರು. ಈ ಸಲ ಬೇಡ ಎನ್ನಲಿಲ್ಲ. ಆ ಕಡೆ ಸೇತುವೆಯ ಕೆಲಸದ ಜಾಗದಲ್ಲಿ ಸಿಗ್ನಲ್ ಸಿಗಲಿಲ್ಲ. ಸಿಕ್ಕಿದ್ದರೂ ಅವರು ಅಲ್ಲಿಂದ ಏನು ಮಾಡುತ್ತಿದ್ದರು, ಭಾನುವಾರದವರೆಗೆ.

"ನಾಳೆ ಎಷ್ಟೊತ್ತಿಗೆ ಹೊರಡ್ತೀಯ?" ಎಂದು ಕೇಳಿದರು ಅತ್ತೆ.

"ಇವತ್ತಿನ ಹೊತ್ತಿಗೇ."

ಅವರು ತಲೆಯಾಡಿಸಿದರು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದು ಪೆಟ್ಟಿಗೆಯ ಬಳಿ ಹೋದರು. ಮಗುವಿನ ಇನ್ನೊಂದು ಸ್ವೆಟರು, ಉಣ್ಣೆಯ ಕಾಲುಚೀಲ, ಟೋಪಿ, ಮಾವನ ಮಫ್ಲರ್ ಎಲ್ಲ ಹೊರತೆಗೆದು, ಒಂದೊಂದನ್ನೂ ಒಲೆಯ ಮೇಲಿನ ಬಿಸಿಗೆ ಹಿಡಿದು, ಮಡಿಸಿ, ನಾಳೆ ಒಲೆ ಆರಿದ ಮೇಲಿನ ಹೊತ್ತಿಗೆಂದು ಕುರ್ಚಿಯ ಮೇಲೆ ಜೋಡಿಸಿಟ್ಟರು. ಬೇಡ ಎನ್ನಲು ನನ್ನ ಬಳಿ ಬೇರೆ ದಾರಿ ಇರಲಿಲ್ಲ. ನನ್ನ ಶಾಲನ್ನೂ ತೆಗೆದು ಅದರ ಮೇಲಿಟ್ಟೆ.